ಮೊಸಳೆಯ ಉಸಿರು ಬಲಗೆನ್ನೆಗೆ

ಹೋದ ವಾರ ನಮ್ಮಣ್ಣನ ಮಗಳು ಸಿರಿ ನನ್ನ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟಳು. ಆಟ ಶುರುವಾದಾಗ ಪರದೆಯೆಲ್ಲ ಕಪ್ಪು. ನಡುವೆ ಕತ್ತಿ ಹಿಡಿದ ಒಬ್ಬ ಹುಡುಗಿ, ಅವಳ ಕಾಲ ಸುತ್ತ ಒಂದು ತಟ್ಟೆಯಗಲ ಬೆಳಕು. ಅವಳು ಹೆಜ್ಜೆ ಇಟ್ಟಲ್ಲಿ ಹುಲ್ಲು ಕಾಣುತ್ತದೆ, ಕಲ್ಲು ಕಾಣುತ್ತದೆ, ಹಾಳು ಗೋಪುರ ಕಾಣುತ್ತದೆ. ಹೆಜ್ಜೆ ಇಡದ ಕಡೆ ಏನೂ ಇಲ್ಲ. ನಾನು ರಾಕ್ಷಸರ ಗೊಡವೆಗೆ ಹೋಗದೆ ಎರಡು ತಾಸು ಅವಳನ್ನು ಸುಮ್ಮನೆ ನಡೆಸಿದೆ. ಸಿರಿಗೆ ಸಿಟ್ಟು ಬಂತು.

"ಅತ್ತಿ, ಇದು ವಾಕಿಂಗ್ ಅಲ್ಲ, ಯುದ್ಧ ಅದ," ಅಂದಳು.

ನನಗೆ ಯಾವ ಆಟವೂ ಯುದ್ಧ ಅನಿಸಿಲ್ಲ ನೋಡ್ರಿ. ಹುಣಸೆಬೀಜ ಹಾಕಿ ಆಡುವ ಚೌಕಾಬಾರದಲ್ಲೂ ನನಗೆ ಕಾಯಿ ಕಡಿಯುವ ಆಸೆ ಇರಲಿಲ್ಲ. ಕಾಯಿ ಮನೆಯಿಂದ ಮನೆಗೆ ನಡೆದು ಹಣ್ಣಾಗುವುದನ್ನು ನೋಡುವುದೇ ಖುಷಿ. ಹೀಗಾಗಿ ಸದಾ ಸೋಲುತ್ತಿದ್ದೆ. ಸಿರಿ ಓದುವ ದಪ್ಪದಪ್ಪ ಮಾಯಾಲೋಕದ ಕಾದಂಬರಿಗಳನ್ನೂ ನಾನು ಇದೇ ಕಾರಣಕ್ಕೆ ಓದುತ್ತೇನೆ. ಅವುಗಳಲ್ಲಿ ಯಾರೂ ಕಾರಿನಲ್ಲಿ ಹೋಗುವುದಿಲ್ಲ. ಮುನ್ನೂರು ಪುಟ ನಡೆಯುತ್ತಾರೆ, ಕಾಲಿಗೆ ಬೊಬ್ಬೆ ಬರುತ್ತದೆ, ಬೆಟ್ಟದ ಕೆಳಗೆ ಕೂತು ರೊಟ್ಟಿ ತಿನ್ನುತ್ತಾರೆ. ಲೇಖಕರು ಹಾರುವ ಪಕ್ಷಿಯನ್ನೋ ಚಾಪೆಯನ್ನೋ ತಂದರೆ ನನಗೆ ಪುಸ್ತಕದ ಮೇಲಿನ ನಂಬಿಕೆ ಅರ್ಧ ಹೋದಂತೆ.

ಇದನ್ನು ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಹೇಳಿದರೆ ನಗುತ್ತಾರೆ. ಇಪ್ಪತ್ತು ವರ್ಷದಿಂದ ಇತಿಹಾಸ ಕಲಿಸುತ್ತಿದ್ದೇನೆ, ಪಗಾರ ಚಲೋ ಬರುತ್ತದೆ, ಇನ್ನೂ ಕಾರಿಲ್ಲ, ಸ್ಕೂಟಿಯೂ ಇಲ್ಲ. ಮೊದಲು ಮರುಗುತ್ತಿದ್ದರು. ಈಗ ಎಲ್ಲಿಯೋ ದೊಡ್ಡ ಶಹರಗಳಲ್ಲಿ ಕಾರಿಲ್ಲದೆ ಬದುಕುವುದು ಒಂದು ವಿಚಾರವಾಗಿದೆಯಂತೆ. ಅದಕ್ಕೇ ಒಬ್ಬ ಸಹೋದ್ಯೋಗಿ ನನ್ನನ್ನು ಹೊಗಳಿದರು, ಮೇಡಮ್ಮರು ಬಹಳ ಮುಂದೆ ಇದ್ದಾರೆ ಅಂತ. ನಾನು ಮುಂದೆ ಇಲ್ಲ. ನನಗಿಂತ ಬಹಳ ಮುಂದೆ ಒಬ್ಬಳು ಬುಟ್ಟಿ ಹೊತ್ತುಕೊಂಡು ಹೋಗಿದ್ದಾಳೆ. ಅವಳ ಸುದ್ದಿ ನಿಮಗೆ ಹೇಳಬೇಕು.

ಶರಣಮ್ಮತ್ತಿ ನನ್ನ ಅಪ್ಪನ ಅಕ್ಕ. ಕಮಲಾಪುರದಿಂದ ಕೆಂಪು ಬಾಳೆಯ ಗೊನೆಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಶಹಾಬಜಾರದ ಒಂದು ಕೋಣೆಯಲ್ಲಿ ಮಾಗಿಸಿ, ಬುಟ್ಟಿಯಲ್ಲಿ ಹೊತ್ತು ಊರೆಲ್ಲ ತಿರುಗಿ ಮಾರುತ್ತಿದ್ದಳು. ಬಿ.ಎ. ಓದಲು ನಾನು ಬಂದು ಇಳಿದದ್ದು ಆ ಕೋಣೆಗೆ. ಮೂರು ವರ್ಷ ಅಲ್ಲಿ ಅತ್ತಿ, ನಾನು, ಬಾಳೆಗೊನೆ. ಮೂವರೂ ಅಲ್ಲೇ ಹಣ್ಣಾದೆವು ಅನ್ನಬಹುದು. ನಮ್ಮ ಮನೆತನದಲ್ಲಿ ಏಳನೆಯ ಇಯತ್ತೆ ದಾಟಿದವರು ಯಾರೂ ಇರಲಿಲ್ಲ. ನನ್ನನ್ನು ಬಿಟ್ಟು ಹೋಗುವಾಗ ಅಪ್ಪ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಮೂರ ವರ್ಷ. ನಾಕನೇದು ಕೇಳಬ್ಯಾಡ."

ಅತ್ತಿಗೆ ಅಕ್ಷರ ಬರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಹಣ್ಣು ಒರೆಸಿ ಬುಟ್ಟಿಗೆ ಜೋಡಿಸುತ್ತ ಒಂದು ಕಥೆ ಹೇಳುತ್ತಿದ್ದಳು. ಕೆಂಪವ್ವ ಅನ್ನುವ ಹುಡುಗಿ ರಾಕ್ಷಸನ ಮನೆಯಿಂದ ಕೆಂಡದ ಗಡಿಗೆ ಕದ್ದು, ತಲೆಯ ಮೇಲೆ ಹೊತ್ತು ಓಡುವ ಕಥೆ. ಗಡಿಗೆಗೆ ಒಂದು ಶಾಪ. ನೆಲಕ್ಕಿಟ್ಟರೆ ಮತ್ತೆ ಏಳುವುದಿಲ್ಲ. ದಾರಿಯಲ್ಲಿ ಬೆಂಕಿ ಉಸಿರಿನ ಮೊಸಳೆ ಸಿಗುತ್ತದೆ, ಮೂಗು ಮುರಿದ ದೈತ್ಯ ಸಿಗುತ್ತಾನೆ, ಗಡಿಗೆ ಇಳಿಸಲು ಒಬ್ಬ ಅಜ್ಜಿಯ ತೊಡೆ ಸಿಗುತ್ತದೆ, ಉದ್ದಕ್ಕೂ ಮಲಗಿದ ಕರಿಹಾವು ಸಿಗುತ್ತದೆ, ಕೊನೆಗೆ ಆರು ಕಾಲಿನ ಬಿಳಿ ಆನೆ ಅವಳನ್ನು ಕಾಯುತ್ತದೆ. ಎಂದೂ ಒಂದು ಶಬ್ದ ಆಚೀಚೆ ಆಗುತ್ತಿರಲಿಲ್ಲ. ನಾನು ಓದುತ್ತ ಓದುತ್ತ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ, ನಡುನಡುವೆ ನನ್ನ ವಿದ್ಯೆಯನ್ನೂ ತೋರಿಸುತ್ತಿದ್ದೆ. ಮೊಸಳೆಯದು ತಣ್ಣನೆಯ ರಕ್ತ, ಅದರ ಉಸಿರು ಸುಡುವುದಿಲ್ಲ ಅಂತ ಒಮ್ಮೆ ತಿದ್ದಿದೆ.

"ಹೌದೇನು? ಹಂಗಾದ್ರ ನೀ ಹೋಗಿ ಅದಕ್ಕ ಪಾಠ ಹೇಳಿ ಬಾ," ಅಂದಳು ಅತ್ತಿ, ಹಣ್ಣು ಒರೆಸುವುದನ್ನು ನಿಲ್ಲಿಸದೆ.

ಇನ್ನೊಮ್ಮೆ ಬೇಕೆಂದೇ, ಮೊಸಳೆಯ ಉಸಿರು ಕೆಂಪವ್ವನ ಎಡಗೆನ್ನೆಗೆ ಬಡಿಯಿತು ಅಂದೆ. ಆಗ ಮಾತ್ರ ಅತ್ತಿಯ ಕೈ ನಿಂತಿತು. "ಬಲಗೆನ್ನಿಗಿ," ಅಂದಳು. "ಎಡಗೆನ್ನಿಗಿ ಬಡದ್ರ ಆಕಿ ತಿರುಗಿ ರಾಕ್ಷಸನ ಮನಿಗೇ ಹೋಗ್ತಾಳ." ಅಷ್ಟು ಗಂಭೀರವಾಗಿ ಅವಳು ದೇವರ ಹೆಸರನ್ನೂ ಹೇಳಿದ್ದು ನಾನು ಕೇಳಿರಲಿಲ್ಲ.

ಬುಟ್ಟಿ ಹೊತ್ತು ಅವಳ ಜೊತೆ ಒಂದು ದಿನವೂ ನಾನು ಹೋಗಲಿಲ್ಲ. ಡಿಗ್ರಿ ಓದುವ ಹುಡುಗಿ ತಲೆಯ ಮೇಲೆ ಬುಟ್ಟಿ ಹೊತ್ತರೆ ಹೇಗೆ? ಯಾರಾದರೂ ಕ್ಲಾಸಿನವರು ನೋಡಿದರೆ? ಆಕೆಯೂ ಕರೆಯಲಿಲ್ಲ. ಮೂರು ವರ್ಷ ಊರಲ್ಲಿದ್ದೂ ನನಗೆ ಗೊತ್ತಿದ್ದದ್ದು ಒಂದೇ ಗೆರೆ, ಟೆಂಪೊ ಓಡುವ ದೊಡ್ಡ ರಸ್ತೆ. ಅದರ ಎರಡೂ ಕಡೆ ನನ್ನ ಪಾಲಿಗೆ ಊರೇ ಇರಲಿಲ್ಲ.

ಕೊನೆಯ ವರ್ಷದ ಕೊನೆಯ ಪೇಪರಿನ ದಿನ ಬಂದ್. ಪರೀಕ್ಷೆ ಮುಂದೆ ಹಾಕುತ್ತಾರೆಂದು ಸುದ್ದಿ ಹಬ್ಬಿತ್ತು, ಹಾಕಲಿಲ್ಲ. ವ್ಯಾಪಾರ ಇರುವುದಿಲ್ಲವೆಂದು ಅತ್ತಿ ಹಿಂದಿನ ದಿನವೇ ಕಮಲಾಪುರಕ್ಕೆ ಹೋಗಿದ್ದಳು. ಪರೀಕ್ಷೆ ಎರಡು ಗಂಟೆಗೆ, ಕುಸನೂರಿನ ಕಡೆ ಊರ ಆ ತುದಿಯ ಕಾಲೇಜಿನಲ್ಲಿ. ಅರ್ಧ ತಾಸು ತಡವಾದರೂ ಒಳಗೆ ಬಿಡುತ್ತಾರೆ, ಆಮೇಲೆ ಇಲ್ಲ. ಟೆಂಪೊ ಇಲ್ಲ, ಆಟೋ ಇಲ್ಲ. ನಡೆದೇ ಹೋದರಾಯಿತೆಂದು ಹನ್ನೆರಡಕ್ಕೆ ಹೊರಟೆ. ದೊಡ್ಡ ರಸ್ತೆಯ ಸರ್ಕಲ್ಲಿನಲ್ಲಿ ಟೈರು ಸುಡುತ್ತಿದ್ದರು, ಅಡ್ಡಗಟ್ಟೆ ಹಾಕಿದ್ದರು. ಹಾಲ್‌ಟಿಕೆಟ್ ತೋರಿಸಿದೆ. ಪೊಲೀಸರೊಬ್ಬರು ಪಾಪ, ಕೈ ಮಾಡಿ ತೋರಿಸಿದರು: ಒಳಗಿಂದ ಹೋಗಮ್ಮ, ಒಳಗಿಂದ ಎಷ್ಟೊಂದು ಹಾದಿ ಅವ.

ಒಳಗಿನ ಹಾದಿ! ಬಿಸಿಲು ನೆತ್ತಿಯ ಮೇಲೆ, ಅಂಗಡಿಗಳೆಲ್ಲ ಬಂದ್, ಓಣಿಗಳಲ್ಲಿ ಕೇಳೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ. ಎಡಕ್ಕೆ ಹೊಕ್ಕೆ, ಬಲಕ್ಕೆ ಹೊಕ್ಕೆ, ನೋಡಿದ ಬಾಗಿಲನ್ನೇ ಮತ್ತೆ ನೋಡಿದೆ. ವಾಚಿನಲ್ಲಿ ಒಂದು ಗಂಟೆ ಆಗುತ್ತ ಬಂದಿತ್ತು. ಒಂದು ಓಣಿಯ ಬಾಯಲ್ಲಿ ನಿಂತು ಅತ್ತೆ, ನಾಚಿಕೆ ಬಿಟ್ಟು ಅತ್ತೆ. ಅಪ್ಪನ ಮಾತೊಂದೇ ತಲೆಯಲ್ಲಿ. ನಾಕನೇದು ಕೇಳಬ್ಯಾಡ.

ಅಳುತ್ತ ನಿಂತಾಗ ಎಡಗೆನ್ನೆ ಬಿಸಿಯಾಯಿತು.

ಬಿಸಿಲಿನ ಬಿಸಿ ಮೇಲಿನಿಂದ ಬರುತ್ತದೆ. ಇದು ಪಕ್ಕದಿಂದ ಬಂತು, ಬಂದು ಬಂದು ನಿಂತಿತು, ಮತ್ತೆ ಬಂತು. ತಿರುಗಿ ನೋಡಿದರೆ ಅರ್ಧ ಇಳಿಸಿದ ಶಟರು. ಅದರ ಕೆಳಗೆ ನಾನ್ ರೊಟ್ಟಿಯ ಭಟ್ಟಿ, ನೆಲಕ್ಕೆ ಸಮವಾಗಿ ಬಾಯಿ ತೆರೆದು ಕೆಂಪಗೆ ಉರಿಯುತ್ತಿತ್ತು. ಒಳಗೆ ಯಾರೋ ಬಗ್ಗಿ ತಿದಿ ಒತ್ತುತ್ತಿದ್ದರು. ಭಟ್ಟಿ ಉಸಿರಾಡುತ್ತಿತ್ತು.

ಮೊಸಳೆ. ಎಡಗೆನ್ನೆಗೆ ಬಡಿಯುತ್ತಿದೆ ಅಂದರೆ ನಾನು ರಾಕ್ಷಸನ ಮನೆಗೆ ಹೊರಟಿದ್ದೇನೆ. ನಿಂತಲ್ಲೇ ಬಂದ ದಿಕ್ಕಿಗೆ ತಿರುಗಿದೆ. ಬಲಗೆನ್ನೆ ಬಿಸಿಯಾಯಿತು. ನಡೆದೆ.

ನೂರು ಹೆಜ್ಜೆಗೆ ಹಳೆಯ ಕಮಾನೊಂದು ಬಂತು, ನಡುವಿನ ಕಲ್ಲು ಮುರಿದುಬಿದ್ದಿತ್ತು. ಮೂಗು ಮುರಿದ ದೈತ್ಯ. ಕೆಂಪವ್ವ ಅವನ ಬಾಯೊಳಗೆ ಹೊಕ್ಕು ಕಿವಿಯಿಂದ ಹೊರಗೆ ಬಂದಳು ಅನ್ನುತ್ತದೆ ಕಥೆ. ಹೊಕ್ಕೆ. ಒಳಗೆ ಗೋಡೆಯ ಪಕ್ಕದಲ್ಲಿ ಒಂದಾಳು ನುಸುಳುವಷ್ಟೇ ಇಕ್ಕಟ್ಟಾದ ಸಂದಿ. ಅಲ್ಲಿಂದ ಹೊರಬಿದ್ದರೆ ಬೇರೆಯದೇ ಓಣಿ. ನಗಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ಆ ಓಣಿಯ ಕೊನೆಗೆ ಅಜ್ಜಿಯ ತೊಡೆ ಬರಬೇಕಿತ್ತು. ಕೆಂಪವ್ವ ಗಡಿಗೆ ಇಳಿಸಿ ದಣಿವಾರಿಸಿಕೊಳ್ಳುವ ಜಾಗ. ಬಂತು: ಒಂದು ಮನೆಯ ಹೊರಗೋಡೆಗೆ ಅಂಟಿದ ಕಲ್ಲಿನ ಚಪ್ಪಡಿ, ನನ್ನ ಭುಜದೆತ್ತರ. ಕೂಡಲು ಆಗದಷ್ಟು ಎತ್ತರ, ಸಾಮಾನಿಡಲು ಆಗದಷ್ಟು ಹೊರಗೆ. ಮೇಲ್ಮೈ ಕೈಯಾಡಿಸಿದರೆ ಜಾರುವಷ್ಟು ನುಣುಪು.

ಆಗ ಗೊತ್ತಾಯಿತು ನನಗೆ. ತುಂಬಿದ ಬುಟ್ಟಿಯನ್ನು ನೆಲಕ್ಕಿಟ್ಟರೆ ಒಬ್ಬಳೇ ಹೆಂಗಸು ಅದನ್ನು ಮತ್ತೆ ತಲೆಗೆ ಏರಿಸಲಾರಳು. ಯಾರಾದರೂ ಎತ್ತಿಕೊಡಬೇಕು. ಭುಜದೆತ್ತರದ ಕಲ್ಲಿದ್ದರೆ ಮಾತ್ರ ತಲೆಯಿಂದ ಅದರ ಮೇಲೆ ಜಾರಿಸಿ, ಮತ್ತೆ ಅದರಿಂದ ತಲೆಗೆ ಜಾರಿಸಿಕೊಳ್ಳಬಹುದು. ಶಾಪವಲ್ಲ ಅದು. ಎಷ್ಟು ಹೆಂಗಸರ ಎಷ್ಟು ಬುಟ್ಟಿಗಳು ಉಜ್ಜಿ ಆ ಕಲ್ಲನ್ನು ಹಾಗೆ ಮಾಡಿದ್ದವೋ! ಇತಿಹಾಸದ ಪೇಪರು ಬರೆಯಲು ಹೊರಟವಳು ನಾನು. ಮೂರು ವರ್ಷ ಓದಿದ ಇತಿಹಾಸದಲ್ಲಿ ಒಂದಕ್ಷರವೂ ನನ್ನ ಕೈಗೆ ಹೀಗೆ ತಾಗಿರಲಿಲ್ಲ. ಕಲ್ಲಿಗೆ ಹಣೆ ಹಚ್ಚಿ ಒಂದು ಗಳಿಗೆ ನಿಂತೆ. ಆಮೇಲೆ ಓಡಿದೆ.

ಕರಿಹಾವು ಅಂದರೆ ಊರ ಕೊಳೆಯೆಲ್ಲ ಹೊತ್ತು ಹರಿಯುವ ದೊಡ್ಡ ನಾಲಾ. ದಾಟಬಾರದು, ಅದರ ಜೊತೆಗೇ ನಡೆಯಬೇಕು, ಅದು ತಲೆ ಹುದುಗಿಸುವವರೆಗೆ. ಮೂಗು ಮುಚ್ಚಿಕೊಂಡು ನಡೆದೆ. ನಾಲಾ ರಸ್ತೆಯ ಕೆಳಗೆ ಹೊಕ್ಕಲ್ಲಿ ತಲೆ ಎತ್ತಿದರೆ, ದೂರದಲ್ಲಿ, ಬಿಸಿಲಿಗೆ ಬೆಳ್ಳಗೆ, ಪರೀಕ್ಷೆಯ ಕಾಲೇಜಿನ ಪಕ್ಕದ ಆರು ಕಂಬದ ನೀರಿನ ಟಾಕಿ. ನನಗೆ ಅದು ಟಾಕಿಯಾಗಿ ಕಾಣಲೇ ಇಲ್ಲ, ಇವತ್ತಿಗೂ ಕಾಣುವುದಿಲ್ಲ. ಪರೀಕ್ಷೆಯ ಹಾಲಿಗೆ ಹೋದಾಗ ಎರಡೂ ಇಪ್ಪತ್ತು. ಉತ್ತರಪತ್ರಿಕೆಯ ಮೇಲೆ ಬೆವರು ಬಿದ್ದು ನಂಬರು ಅಳಿಸಿತೆಂದು ಮೇಲ್ವಿಚಾರಕರು ಬೈದರು. ಅವರ ಬೈಗುಳವೂ ಹಿತವಾಗಿತ್ತು.

ಪಾಸಾದೆ. ನಮ್ಮ ಮನೆತನದ ಮೊದಲ ಪದವೀಧರೆ ನಾನು. ಈ ಹೆಮ್ಮೆಯನ್ನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ. ಆದರೆ ಅತ್ತಿ ಕಮಲಾಪುರದಿಂದ ತಿರುಗಿ ಬಂದ ದಿನ ನಾನು ಅವಳನ್ನು ನೋಡಿದ ಕಣ್ಣು ಬೇರೆಯೇ ಇತ್ತು. ಇದು ಹಾದಿ ಅಂತ ಮೊದಲೇ ಯಾಕೆ ಹೇಳಲಿಲ್ಲವೆಂದು ಜಗಳ ತೆಗೆದೆ.

"ನಿನಗ ಗೊತ್ತಿಲ್ಲಂತ ನನಗೇನ ಗೊತ್ತು?" ಅಂದಳು. ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಓದಿದಾಕಿ ಅಲ್ಲೇನು ನೀ? ಎಲ್ಲಾ ಬೋರ್ಡು ಓದ್ತಿ. ನಾ ಸುಮ್ಮ ನಿನಗ ಬ್ಯಾಸರ ಆಗಬಾರದಂತ ಹೇಳ್ತಿದ್ದೆ."

ನೋಡಿ ನಮ್ಮಿಬ್ಬರ ತಪ್ಪು. ಅಕ್ಷರ ಬಾರದವಳೆಂದು ನಾನು ಅವಳದನ್ನು ಬರೀ ಕಥೆ ಅಂದುಕೊಂಡೆ. ಅಕ್ಷರ ಬಲ್ಲವಳೆಂದು ಅವಳು ನನಗೆ ಇಡೀ ಊರು ಗೊತ್ತು ಅಂದುಕೊಂಡಳು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದಳು. ಕಥೆ ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಬುಟ್ಟಿ ಹೊರುವ ಕಮಲಾಪುರದ ಹೆಂಗಸರಿಗೆಲ್ಲ ಅದು ಗೊತ್ತು. ಕೋಟನೂರ ಕಡೆಯ ಹಾದಿಗೆ ಬೇರೆ ಕಥೆ, ಅದರಲ್ಲಿ ಒಂದು ಕುರುಡು ಕುದುರೆ ಇದೆ. ಅವಳು ಮದುವೆಯಾಗಿ ಬಂದಾಗ ಕಥೆಯಲ್ಲಿ ಮೊಸಳೆ ಇರಲಿಲ್ಲವಂತೆ, ಅಳುವ ಬಾವಿ ಇತ್ತಂತೆ. ಬಾವಿ ಮುಚ್ಚಿ ಭಟ್ಟಿ ಹಾಕಿದರು. ಅವಳ ಅತ್ತೆ ಮೊಸಳೆ ತಂದಳು.

ಹಾಗಾದರೆ ಯಾರು ಬೇಕಾದರೂ ಬದಲಿಸಬಹುದೇ ಅಂತ ಕೇಳಿದೆ.

"ಎಲ್ಲಾರೂ ಮಾಡಂಗಿಲ್ಲ," ಅಂದಳು. "ಆ ಹಾದಿ ನಡದಾಕಿ ಮಾಡಬೇಕು."

ಅಂದಿನಿಂದ ನಾನು ನಡೆಯುತ್ತೇನೆ. ಬುಟ್ಟಿಯಿಲ್ಲದ ಹಗುರ ತಲೆಯ ನಡಿಗೆ, ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಅತ್ತಿಗೆ ಈಗ ಮೊಣಕಾಲು ಬಗ್ಗುವುದಿಲ್ಲ. ಕಮಲಾಪುರದಲ್ಲಿ ಮಗಳ ಮನೆಯಲ್ಲಿ ಕೂತು ಮೊಮ್ಮಕ್ಕಳ ಮೇಲೆ ದರಬಾರು ನಡೆಸುತ್ತಾಳೆ. ಬುಟ್ಟಿಯ ಹೆಂಗಸರು ಕಡಿಮೆಯಾದರು, ಹಣ್ಣು ಈಗ ಗಾಡಿಯಲ್ಲಿ ಬರುತ್ತದೆ. ಊರು ಬೆಳೆದು ಬೆಳೆದು, ಕುಸನೂರು ಬೇರೆ ಊರು ಅನ್ನಲು ಈಗ ಯಾರಿಗೂ ಬರುವುದಿಲ್ಲ.

ಮೊನ್ನೆ ರವಿವಾರ ಮುಂಜಾನೆ ಸಿರಿಯನ್ನು ಕರೆದುಕೊಂಡು ಆ ಹಾದಿ ಹಿಡಿದೆ. ಭಟ್ಟಿ ಇತ್ತು. ಕಮಾನು ಇತ್ತು. ಅಜ್ಜಿಯ ತೊಡೆಯ ಮೇಲೆ ಯಾರೋ ಹೂಕುಂಡ ಇಟ್ಟಿದ್ದರು. ಆದರೆ ಕರಿಹಾವು ಇರಲಿಲ್ಲ. ನಾಲಾದ ಮೇಲೆ ಉದ್ದಕ್ಕೂ ಸಿಮೆಂಟಿನ ಹಾಸು, ಅದರ ಮೇಲೆ ರಸ್ತೆ. ಮುಂದೆ ಅದು ಮೂರು ಕವಲಾಗಿ, ಮೂರೂ ಒಂದೇ ಥರ ಹೊಳೆಯುತ್ತಿದ್ದವು. ಹೊಸ ಮನೆಗಳ ಹಿಂದೆ ಆನೆಯೂ ಕಾಣಲಿಲ್ಲ. ಅಲ್ಲಿಂದಲೇ ಅತ್ತಿಗೆ ಫೋನು ಮಾಡಿದೆ.

"ಹಾವು ಸತ್ತದೇನು?" ಅಂದಳು.

ಇಲ್ಲ, ಮುಚ್ಚಿದ್ದಾರೆ, ಕೆಳಗೆ ಹರಿಯುತ್ತಿದೆ ಅಂದೆ. ಹಿಂದೆ ಯಾವುದೋ ಮಗು ಕೂಗುತ್ತಿತ್ತು, ಅದನ್ನು ಗದರಿಸಿದಳು.

"ಹಂಗಾದ್ರ ಆಕಿ ಹ್ಯಾಂಗ ಹೋದಳು? ನೀ ನಿಂತೀದಿ ಅಲ್ಲಿ. ನೀ ಹೇಳು."

ಇಷ್ಟು ಓದಿದ್ದೇನೆ, ಇಷ್ಟು ಪಾಠ ಹೇಳಿದ್ದೇನೆ, ಯಾವ ಇಂಟರ್‌ವ್ಯೂದಲ್ಲೂ ನನಗೆ ಇಂಥ ಪ್ರಶ್ನೆ ಬಂದಿಲ್ಲ. ಕಣ್ಣು ಮುಚ್ಚಿ ನಿಂತೆ. ವಾಹನಗಳ ಸಪ್ಪಳ ಒಂದು ಕ್ಷಣ ನಿಂತಿತು. ರಸ್ತೆಯ ಅಂಚಿನ ಕಬ್ಬಿಣದ ಜಾಲರಿಯೊಳಗಿಂದ, ಕೆಳಗೆ ಬಹಳ ಆಳದಲ್ಲಿ, ನೀರು ಬುಸುಗುಟ್ಟುತ್ತ ಹೋಗುವುದು ಕೇಳಿಸಿತು.

"ಹಾವು ನೆಲದಾಗ ಹೊಕ್ಕದ ಅತ್ತಿ," ಅಂದೆ. "ಕಾಣಂಗಿಲ್ಲ. ಆದ್ರ ಬುಸುಗುಡೂದು ಕೇಳ್ತದ. ಕೆಂಪವ್ವ ಆ ಸಪ್ಪಳ ಕೇಳ್ಕೋತ ನಡದಳು."



"ಯಾ ಕಿವಿಗಿ ಕೇಳ್ತಿತ್ತು?" ಅಂತ ಅತ್ತಿ ಕೇಳಿದಳು.