ಅಪ್ಪ ನಮ್ಮ ಗೋಡೆಗೇ ಹಾರಿ ಹಾಕಿದ ದಿನ

೧೯೪೬ನೇ ಇಸವಿ. ಯುದ್ಧವೇನೋ ಮುಗಿದಿತ್ತು, ಆದರೆ ಸಕ್ಕರೆ, ಸೀಮೆಎಣ್ಣೆ ಇನ್ನೂ ಚೀಟಿಯ ಮೇಲೆಯೇ ಸಿಗುತ್ತಿದ್ದವು. ನನಗಾಗ ಹನ್ನೊಂದು ವರ್ಷ. ನಮ್ಮ ಮನೆ ಕೊಪ್ಪಳದ ಅಗಸಿ ಬಾಗಿಲ ಹೊರಗೆ, ಸ್ಟೇಷನ್ನಿಗೆ ಹೋಗುವ ದಾರಿಯ ಪಕ್ಕದ ಹೊಸ ಓಣಿಯಲ್ಲಿತ್ತು. ಹೊಸ ಓಣಿ ಎಂದು ನಾವು ಕರೆಯುತ್ತಿದ್ದೆವು. ಊರೊಳಗಿನವರು ಮಾತ್ರ ‘ಗುಡಿಸಲ ಓಣಿ’ ಎನ್ನುತ್ತಿದ್ದರು. ಯಾಕೆಂದರೆ ಹಿಂದೆ ಊರಲ್ಲಿ ಪ್ಲೇಗು ಬಂದು ಇಲಿ ಸತ್ತು ಬೀಳತೊಡಗಿದಾಗ ಜನ ಮನೆ ಬಿಟ್ಟು ಹೊರಗೆ ಬಂದು ಗುಡಿಸಲು ಹಾಕಿಕೊಂಡಿದ್ದರು. ಬ್ಯಾನಿ ಹೋದ ಮೇಲೆ ಬಹಳ ಮಂದಿ ಒಳಗೆ ಮರಳಿದರು. ಹದಿನೆಂಟು ಮನೆಯವರು ಮರಳಲಿಲ್ಲ. ಅವರಲ್ಲಿ ನಮ್ಮ ಅಪ್ಪ ಒಬ್ಬ.

ಅಪ್ಪ ಗೌಂಡಿ. ಕಲ್ಲು ಕಟ್ಟುವ ಕೆಲಸದಲ್ಲಿ ಅವನ ಕೈ ಬಹಳ ಛಲೋ ಎಂದು ಇರಕಲ್ಲಗಡದಿಂದ ಕನಕಗಿರಿಯವರೆಗೆ ಹೆಸರಿತ್ತು. ಅಕ್ಷರ ಬರುತ್ತಿರಲಿಲ್ಲ. ಗುಡಿಸಲು ಕಿತ್ತು ಮನೆ ಕಟ್ಟಿಕೊಳ್ಳುವ ಮಾತು ಬಂದಾಗ ಅಪ್ಪ ಒಂದೇ ಮಾತು ಹೇಳಿದ್ದನಂತೆ: “ಮನಿ ಸಣ್ಣವು ಇರ್ಲಿ. ಓಣಿ ದೊಡ್ಡದು ಇರಬೇಕು.” ಐದು ಮಾರು ಅಗಲ ಎಂದು ಹಗ್ಗ ಹಿಡಿದು ಗುರುತಿನ ಕಲ್ಲು ನೆಟ್ಟ. ಜನ ನಕ್ಕರು. “ಏನಪಾ ಗೌಂಡಿ, ಇಲ್ಲಿ ಆನಿ ಅಂಬಾರಿ ಬರತಾವೇನು?” ಎಂದರು.

ಅಪ್ಪನ ಹಟಕ್ಕೆ ಕಾರಣವಿತ್ತು. ಪ್ಲೇಗಿನ ವರ್ಷ ನಮ್ಮ ಅಜ್ಜಿಗೆ ಜ್ವರ ಏರಿದಾಗ ಅವಳನ್ನು ಹೊರಸಿನ ಮೇಲೆ ಮಲಗಿಸಿ ಹೊರಗೆ ತರಬೇಕಾಗಿತ್ತು. ಒಳಗಿನ ಸಂದಿಯ ತಿರುವಿನಲ್ಲಿ ಹೊರಸು ತಿರುಗಲೇ ಇಲ್ಲ. ಒಂದು ಕಡೆ ಯಾರದೋ ಕಟ್ಟೆ, ಇನ್ನೊಂದು ಕಡೆ ಯಾರದೋ ಮೆಟ್ಟಿಲು. ಕೊನೆಗೆ ಅಪ್ಪ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದ. ಅಗಸಿ ದಾಟುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದಳು. ಅಪ್ಪ ಇದನ್ನು ಹೆಚ್ಚು ಹೇಳುತ್ತಿರಲಿಲ್ಲ. ನಮಗೆ ಹೇಳಿದವಳು ಅವ್ವ.

ಓಣಿ ನಿಧಾನವಾಗಿ ಚಂದವಾಯಿತು. ಎಲ್ಲರೂ ಕೂಡಿ ಒಂದು ಬಾವಿ ತೋಡಿದರು, ನೀರು ಸಿಹಿ ಬಿತ್ತು. ಮನೆಗೊಂದರಂತೆ ಬೇವಿನ ಸಸಿ ಹಚ್ಚಿದರು. ಗಾಣಿಗರು, ನೇಕಾರರು, ರೈಲ್ವೆ ಕೂಲಿಗಳು, ನಾವು, ಎಲ್ಲರ ಮನೆ ಬಾಗಿಲಿಗೂ ಗಾಡಿ ಬರುತ್ತಿತ್ತು. ಒಳಗಿನ ಊರಿನ ದೊಡ್ಡ ಮನೆಗಳಿಗೂ ಆ ಭಾಗ್ಯ ಇರಲಿಲ್ಲ. ಆದರೂ ನಮ್ಮ ಓಣಿಗೆ ಬೆಲೆ ಇರಲಿಲ್ಲ. ‘ಗುಡಿಸಲ ಓಣಿಗೆ ಹೆಣ್ಣು ಕೊಡಬಾರದು, ಅಲ್ಲಿಂದ ಹೆಣ್ಣು ತರಬಾರದು’ ಎನ್ನುವ ಮಾತು ನಮ್ಮ ಕಿವಿಗೆ ಬೀಳುವಂತೆಯೇ ಆಡುತ್ತಿದ್ದರು.

ನಮ್ಮ ಅಕ್ಕ ಶಂಕ್ರವ್ವನಿಗೆ ಆ ವರ್ಷ ವರ ನೋಡುತ್ತಿದ್ದರು. ಕುಷ್ಟಗಿ ಕಡೆಯ ಒಂದು ಒಕ್ಕಲುತನದ ಮನೆಯವರು ಬಂದು ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು. ಬಂದವರನ್ನು ಕೂರಿಸಲು ಜಾಗ ಬೇಕಲ್ಲ? ಅವ್ವ ಹಟ ಹಿಡಿದು ಮುಂದೆ ಒಂದು ಪಡಸಾಲೆ ಕಟ್ಟಿಸಿದಳು. ಆಗ ಅಪ್ಪ ಮನೆಯಲ್ಲಿರಲಿಲ್ಲ. ಮುನಿರಾಬಾದಿನಲ್ಲಿ ಆಣೆಕಟ್ಟಿನ ಕೆಲಸದವರಿಗೆ ಮನೆಗಳನ್ನು ಕಟ್ಟುತ್ತಿದ್ದರು, ಅಪ್ಪ ಅಲ್ಲಿಗೆ ಹೋಗಿದ್ದ. ನಮ್ಮ ಕಾಕಾ ಪಾಯ ತೋಡಿ ಗೋಡೆ ಎಬ್ಬಿಸಿದ. ಅಪ್ಪ ಬಂದು ನೋಡಿ, “ಕಲ್ಲು ಛಲೋ ಕೂಡಿಸ್ಯಾನ” ಎಂದು ಸಂತೋಷಪಟ್ಟ. ಅವ್ವ ಹೊಸ ಗೋಡೆಗೆ ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದಳು.

ಅದೇ ಹೊತ್ತಿಗೆ ಕಿರಾಣಿ ಅಂಗಡಿಯ ಬಸೆಟ್ಟೆಪ್ಪ ತನ್ನ ಅಂಗಡಿ ಮುಂದೆ ಕಲ್ಲಿನ ಕಟ್ಟೆ ಕಟ್ಟಿಸತೊಡಗಿದ. ಕಟ್ಟೆ ಓಣಿಯೊಳಕ್ಕೆ ಎರಡು ಮೊಳ ಬಂದಿತ್ತು. ಜನ ಗುಸುಗುಸು ಎಂದರು. ಯಾರೂ ಎದುರಿಗೆ ಹೇಳಲಿಲ್ಲ, ಎಲ್ಲರೂ ಅವನ ಅಂಗಡಿಯ ಗಿರಾಕಿಗಳೇ. ಅಪ್ಪ ಹೋಗಿ ಹೇಳಿದ. ಬಸೆಟ್ಟೆಪ್ಪ ಸಿಟ್ಟಾಗಲಿಲ್ಲ, ನಗುತ್ತಲೇ ಮಾತಾಡಿದ.

“ಗೌಂಡಿ, ನಂದೊಂದ ಕಾಣತೈತೇನು ನಿನ್ನ ಕಣ್ಣಿಗೆ? ಬಾವಿ ಕಡಿಂದ ಎಲ್ಲಾರದೂ ಅಳಿ. ಎಲ್ಲಾರದೂ ಸರಿ ಇತ್ತಂದ್ರ ನಾನ ನನ್ನ ಕೈಯಾರ ಕೀಳತೀನಿ.”

“ಆತು, ನಾಳಿ ಮುಂಜಾನೆ ಅಳಿಯೂಣು” ಎಂದ ಅಪ್ಪ.

ಮರುದಿನ ಬಿಸಿಲು ಏರುವ ಮೊದಲೇ ಓಣಿಯವರೆಲ್ಲ ಸೇರಿದರು. ಐದು ಮಾರಿನ ಹಗ್ಗದ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ನಾನು ಓಣಿಯ ಈ ಸಾಲಿನ ಗೋಡೆಗೆ ತುದಿ ಒತ್ತಿ ಹಿಡಿಯಬೇಕು, ಅಪ್ಪ ಆ ಸಾಲಿನಲ್ಲಿ ಹಿಡಿದು ಎಳೆಯಬೇಕು. ಹಗ್ಗ ಬಿಗಿಯಾಗಿ ನಿಂತರೆ ನಾನು “ಸರಿ ಐತಿ” ಎಂದು ಕೂಗಬೇಕು. ಅಷ್ಟು ಮಂದಿಯ ನಡುವೆ ನನಗೆ ಈ ಕೆಲಸ ಕೊಟ್ಟಿದ್ದಕ್ಕೆ ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಗಾಣಿಗರ ಮನೆ, ಸರಿ ಐತಿ. ನೇಕಾರರ ಮನೆ, ಸರಿ ಐತಿ. ಹೀಗೆ ಕೂಗುತ್ತ ಕೂಗುತ್ತ ನಮ್ಮ ಮನೆಗೆ ಬಂದೆವು.

ಹೊಸ ಗೋಡೆಗೆ ತುದಿ ಒತ್ತಿ ಹಿಡಿದೆ. ಅಪ್ಪ ಎದುರು ಗೋಡೆಗೆ ಹೋಗಿ ನಿಂತ. ಹಗ್ಗ ಬಿಗಿಯಲಿಲ್ಲ. ನಡುವೆ ಜೋತುಬಿತ್ತು.

ನಾನು ಯೋಚನೆ ಮಾಡಲೇ ಇಲ್ಲ. ಅದೇ ಜೋರು ದನಿಯಲ್ಲಿ ಕೂಗಿದೆ: “ಅಪ್ಪಾ, ಹಗ್ಗ ಉಳೀತು!”

ಮಂದಿಯೆಲ್ಲ ನಮ್ಮ ಗೋಡೆಯ ಕಡೆ ತಿರುಗಿದರು. ಆಮೇಲೆ ಯಾರೋ ಕಿಸಕ್ಕೆಂದರು. ಆಗ ನನಗೆ ನಾನೇನು ಮಾಡಿದೆ ಎಂದು ಹೊಳೆಯಿತು. ಅಪ್ಪ ಬಂದು ತಾನೇ ಎರಡು ಸಲ ಅಳೆದ. ಗುರುತಿನ ಕಲ್ಲಿನಿಂದ ದಾರ ಹಿಡಿದು ನೋಡಿದ. ನಮ್ಮ ಗೋಡೆ ಓಣಿಯೊಳಕ್ಕೆ ಒಂದು ಮೊಳ ಬಂದಿತ್ತು. ಕಾಕಾ ಕಣ್ಣಳತೆಯಲ್ಲಿ ಪಾಯ ತೋಡಿದ್ದ, ಅಪ್ಪ ಬಂದ ಮೇಲೆ ಕಲ್ಲು ನೋಡಿದನೇ ಹೊರತು ಹಗ್ಗ ಹಿಡಿದಿರಲಿಲ್ಲ.

ಓಣಿಯ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: “ಇರ್ಲಿ ಬಿಡು ಗೌಂಡಿ. ಒಂದು ಮೊಳಕ್ಕ ಏನಾಗತೈತಿ. ನಾಡದು ಬೀಗರು ಬರೋರು ಅದಾರ.”

“ಹೌದು, ಇರ್ಲಿ ಬಿಡು,” ಎಂದ ಬಸೆಟ್ಟೆಪ್ಪ. “ನಿಂದೂ ಇರ್ಲಿ, ನಂದೂ ಇರ್ಲಿ. ನಾಳಿ ಮತ್ತೊಬ್ಬಂದೂ ಇರ್ಲಿ.”

ಅಪ್ಪ ಹಗ್ಗ ಸುತ್ತಿ ಕೆಳಗಿಟ್ಟ. ನನ್ನ ಕಡೆ ನೋಡಿದ. ಹೊಡೆಯುತ್ತಾನೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಒಳಗೆ ಹೋಗಿ ಹಾರಿ ತಂದ. ಗೌಂಡಿ ಮನೆಯಲ್ಲಿ ಕಲ್ಲು ಎಬ್ಬಿಸುವ ಆ ಕಬ್ಬಿಣದ ಹಾರಿ ಯಾವಾಗಲೂ ಬಾಗಿಲ ಹಿಂದೆಯೇ ಇರುತ್ತಿತ್ತು.

ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಸುಣ್ಣದ ಕೈ ಇನ್ನೂ ತೊಳೆದಿರಲಿಲ್ಲ. “ಹುಚ್ಚು ಹಿಡದೈತೇನು ನಿಮಗ? ಬಂದೋರ್ನ ಎಲ್ಲಿ ಕೂಡಸ್ತೀರಿ, ನಿಮ್ಮ ತಲಿ ಮ್ಯಾಲೇನು? ಮಗಳ ಬಾಳೇ ಒಡದಂಗ ಆಗತೈತಿ!”

“ಇವತ್ತು ನಾ ಸುಮ್ಮನಾದ್ರ ಈ ಓಣಿ ಹತ್ತು ವರ್ಷದಾಗ ಒಳಗಿನ ಸಂದಿ ಆಗತೈತಿ” ಎಂದ ಅಪ್ಪ. ದನಿ ಏರಿಸಲಿಲ್ಲ. “ನಮ್ಮವ್ವನ ಹೊರಸು ತಿರಗಲಿಲ್ಲ. ನನಗ ಅದೊಂದ ಗೊತ್ತು.”

ಅವ್ವ ಸರಿಯಲಿಲ್ಲ. ಆಗ ಅಕ್ಕ ಒಳಗಿನಿಂದ ಬಂದಳು. ಪಡಸಾಲೆಯಲ್ಲಿದ್ದ ಕೊಡ, ಚಾಪೆ, ಹೊಸ ಜಮಖಾನ ಎಲ್ಲವನ್ನೂ ಒಂದೊಂದಾಗಿ ಒಳಗೆ ಸಾಗಿಸಿದಳು. ಕೊನೆಗೆ ಅವ್ವನ ಭುಜ ಹಿಡಿದು, “ಬಾ ಅವ್ವ, ಕಲ್ಲು ಸಿಡದೀತು” ಎಂದು ಒಳಗೆ ಕರೆದುಕೊಂಡು ಹೋದಳು.

ಮೊದಲ ಪೆಟ್ಟಿಗೆ ಸುಣ್ಣ ಉದುರಿತು. ಮಧ್ಯಾಹ್ನದ ಹೊತ್ತಿಗೆ ಮುಂದಿನ ಗೋಡೆ ನೆಲಕ್ಕೆ ಬಂತು. ಓಣಿಯವರು ನೋಡುತ್ತ ನಿಂತಿದ್ದರು, ಯಾರೂ ನಗಲಿಲ್ಲ. ಬಸೆಟ್ಟೆಪ್ಪ ಯಾವಾಗ ಎದ್ದು ಹೋದನೋ ಯಾರಿಗೂ ತಿಳಿಯಲಿಲ್ಲ.

ನಾನು ಆ ದಿನ ಊಟ ಮಾಡಲಿಲ್ಲ. ಬೇವಿನ ಗಿಡದ ಹಿಂದೆ ಹೋಗಿ ಕೂತೆ. ಅಪ್ಪ ಹುಡುಕಿಕೊಂಡು ಬಂದ. “ನಾ ಸುಮ್ಮನ ಸರಿ ಐತಿ ಅನ್ನಬೇಕಿತ್ತೇನಪ್ಪಾ?” ಎಂದು ಅತ್ತೆ. ಅಪ್ಪ ತನ್ನ ಧೂಳು ಹಿಡಿದ ಅಂಗೈಯಿಂದಲೇ ನನ್ನ ಮುಖ ಒರೆಸಿದ. “ನೀ ಸುಳ್ಳು ಹೇಳಿದ್ರ ಉಳಿದ ಹದಿನೇಳು ಮನಿ ಅಳತಿನೂ ಸುಳ್ಳಾಗತಿತ್ತು ಗೌರಿ. ನೀ ಕೂಗಿದ್ದು ಛಲೋ ಆತು. ಏಳು, ರೊಟ್ಟಿ ತಿನ್ನು.”

ಮೂರನೆಯ ದಿನ ಕುಷ್ಟಗಿಯವರು ಬಂದರು. ಗಾಡಿ ನೇರ ಬಾಗಿಲಿಗೇ ಬಂತು. ಒಡೆದ ಗೋಡೆ, ರಾಶಿ ಕಲ್ಲು ನೋಡಿ ಹುಡುಗನ ತಂದೆ ಕೇಳಿದ: “ಇದು ಕಟ್ಟೂದೋ, ಕೆಡವೂದೋ?” ಕಟ್ಟುತ್ತಿದ್ದೇವೆ ಎನ್ನಿ ಎಂದು ಅವ್ವ ಬಾಗಿಲ ಮರೆಯಿಂದ ಕಣ್ಣಲ್ಲೇ ಬೇಡಿಕೊಂಡಳು. ಅಪ್ಪ ಇದ್ದದ್ದನ್ನೇ ಹೇಳಿದ. ಅವರು ಅಡುಗೆಮನೆಯ ಪಕ್ಕ ಇಕ್ಕಟ್ಟಿನಲ್ಲಿ ಕೂತು ಅವಲಕ್ಕಿ ತಿಂದು, ಅಕ್ಕನನ್ನು ನೋಡಿ ಹೋದರು. ಎಂಟು ದಿನದಲ್ಲಿ ಮಾತು ಬಂತು: “ಸ್ವಂತ ಮನಿಗೆ ಹಾರಿ ಹಾಕಿದ ಮನಷಾ ನಾಳೆ ಮಗಳ ಸಂಸಾರಕ್ಕೂ ಹಾಕಲಾರನೇನು? ನಮಗ ಬ್ಯಾಡ.”

ಅವ್ವ ಹದಿನೈದು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ರೊಟ್ಟಿಯನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ಅಪ್ಪ ಅದನ್ನು ತಿಂದು ಸುಮ್ಮನೆ ಕೆಲಸಕ್ಕೆ ಹೋಗುತ್ತಿದ್ದ. ಒಮ್ಮೆ ಮಾತ್ರ ಅಕ್ಕನ ಮುಂದೆ ನಿಂತು ಏನೋ ಹೇಳಲು ಹೋಗಿ, ಹೇಳಲಾಗದೆ ಹೊರಗೆ ನಡೆದ. ಅಕ್ಕ ನನ್ನ ಕಡೆ ತಿರುಗಿ, “ಅಪ್ಪಗ ಹೇಳು, ನನಗೇನೂ ಬ್ಯಾಸರಿಲ್ಲ” ಎಂದಳು. ಬೇಸರ ಇತ್ತು ಎಂದು ನನಗೆ ಗೊತ್ತಿತ್ತು. ಆ ಹುಡುಗನನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಳು.

ಆ ತಿಂಗಳು ಮುಗಿಯುವ ಮೊದಲೇ ಒಂದು ಮುಂಜಾನೆ ಕಲ್ಲಿನ ಸದ್ದು ಕೇಳಿ ಹೊರಗೆ ಬಂದೆವು. ಬಸೆಟ್ಟೆಪ್ಪ ಧೋತರ ಮೇಲಕ್ಕೆ ಕಟ್ಟಿಕೊಂಡು ತನ್ನ ಕಟ್ಟೆಯನ್ನು ತಾನೇ ಕೀಳುತ್ತಿದ್ದ. ಕೆತ್ತಿದ ಆ ಚಂದದ ಕಲ್ಲುಗಳನ್ನೆಲ್ಲ ಗಾಡಿಯಲ್ಲಿ ಹೇರಿ ತಂದು ನಮ್ಮ ಬಾಗಿಲಲ್ಲಿ ಇಳಿಸಿದ. “ನನಗಂತೂ ಬ್ಯಾಡಾದವು ಗೌಂಡಿ. ನಿನ್ನ ಗ್ವಾಡಿಗೆ ಹಾಕ್ಕೊ” ಎಂದ. ಅಪ್ಪ ಬಹಳ ಹೊತ್ತು ಅವನ ಕೈ ಹಿಡಿದು ನಿಂತ. ಸಂತೆಯ ಮರುದಿನ ಓಣಿಯ ಗಂಡಸರೆಲ್ಲ ಕೆಲಸ ಬಿಟ್ಟು ಬಂದರು. ಹೆಂಗಸರು ಬಾವಿಯಿಂದ ನೀರು ಹೊತ್ತರು. ಬಾವಿ ಕಡೆಯಿಂದ ಹಿಡಿದು ನಮ್ಮ ಬಾಗಿಲವರೆಗೆ ಕೊಡ ಕೈಯಿಂದ ಕೈಗೆ ಬಂತು. ಗೋಡೆ ಒಂದು ಮೊಳ ಹಿಂದೆ ಸರಿದು ಮತ್ತೆ ಎದ್ದಿತು.

ಮರುವರ್ಷ ಯಲಬುರ್ಗಾ ಕಡೆಯವರೊಬ್ಬರು ನಮ್ಮ ಓಣಿಯಲ್ಲಿ ಜಾಗ ಸಿಗುತ್ತದೆಯೇ ಎಂದು ಕೇಳಿಕೊಂಡು ಬಂದರು. ಈ ಗೋಡೆಯ ಕತೆ ಕೇಳಿ ನಮ್ಮ ಮನೆಗೆ ಬಂದು ಕೂತರು. “ನಮ್ಮೂರಾಗ ಗಡಿಗಲ್ಲು ಮುಂದ ಸರಿಸಿದೋರ್ನ ಭಾಳ ನೋಡೀನಿ. ಹಿಂದ ಸರಿಸಿದೋರ್ನ ನೋಡಿದ್ದು ಇದ ಮೊದಲು” ಎಂದರು. ಅವರ ತಮ್ಮನಿಗೇ ಅಕ್ಕನನ್ನು ಕೊಟ್ಟೆವು. ಅಕ್ಕ ಸುಖವಾಗಿ ಬಾಳಿದಳು ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಆಮೇಲೆ ಗದ್ದಲದ ಕಾಲ ಬಂತು, ಹೋಯಿತು. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಮರುವರ್ಷ ಊರಿನ ಬೀದಿಗಳನ್ನು ಅಳೆಯಲು ಒಬ್ಬ ಅಧಿಕಾರಿ ಬಂದರು. ಒಳಗಿನ ಊರಿನಲ್ಲಿ ಅವರು ಮೂರು ದಿನ ಒದ್ದಾಡಿದರಂತೆ, ಮನೆಮನೆಗೂ ಜಗಳ. ನಮ್ಮ ಓಣಿಗೆ ಬಂದವರು ಊಟದ ಹೊತ್ತಿಗಿಂತ ಮೊದಲೇ ಕೆಲಸ ಮುಗಿಸಿ ಬೇವಿನ ನೆರಳಲ್ಲಿ ಕೂತರು. ಓಣಿಯವರು ನೀರು, ಬೆಲ್ಲ ಕೊಟ್ಟರು.

“ಒಂದು ಗೇಣೂ ಆಚೀಚೆ ಇಲ್ಲವಲ್ಲ! ಈ ಬೀದಿ ಮಾಡಿದ ಇಂಜಿನಿಯರ್ ಸಾಹೇಬರು ಯಾರು?” ಎಂದು ಅಧಿಕಾರಿ ಕೇಳಿದರು.

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಮಣ್ಣು ಮೆತ್ತಿದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನೆಲ ನೋಡುತ್ತಿದ್ದ. ಅಧಿಕಾರಿಗೆ ಅರ್ಥವಾಗಲಿಲ್ಲ, ಮತ್ತೆ ಕೇಳಿದರು.

ಪರಗಂಡಸರ ಮುಂದೆ ಎಂದೂ ದನಿ ತೆಗೆಯದ ಅವ್ವ, ಸೆರಗು ತಲೆ ಮೇಲೆ ಎಳೆದುಕೊಂಡು ಮನೆಯಿಂದ ಹೊರಗೆ ಓಣಿಗೇ ಇಳಿದು ಬಂದಳು.

“ನಮ್ಮ ಮನಿಯವ್ರು ರೀ” ಎಂದಳು, ಎಲ್ಲರಿಗೂ ಕೇಳುವಂತೆ.

ಆಮೇಲೆ ನಾನು ಎಷ್ಟೋ ಊರು ನೋಡಿದ್ದೇನೆ, ಇದಕ್ಕಿಂತ ದೊಡ್ಡ ಬೀದಿಗಳಲ್ಲಿ ಇದ್ದೂ ಬಂದಿದ್ದೇನೆ. ನೀವು ಎಲ್ಲಿಯವರು ಎಂದು ಯಾರಾದರೂ ಕೇಳಿದರೆ ಕೊಪ್ಪಳ ಎಂದಷ್ಟೇ ಹೇಳಿ ಸುಮ್ಮನಾಗುವುದು ಈಗಲೂ ನನ್ನಿಂದ ಆಗುವುದಿಲ್ಲ. ಗುಡಿಸಲ ಓಣಿಯವಳು ಎನ್ನುತ್ತೇನೆ. ಅಂದು ಅವ್ವ ಹೇಳಿದಳಲ್ಲ, ಅದೇ ದನಿಯಲ್ಲಿ.