ಕಿವಿಯೊಳಗಿನ ಸುದ್ದಿ

ವರ್ಲೀನ್ ಕಟ್ಲಿಪ್‌ಳ ಏಪ್ರನ್ ಜೇಬಿನಿಂದ ಸ್ಕ್ಯಾನರ್ ರೇಡಿಯೊದ ಏರಿಯಲ್ ಕಡ್ಡಿ ಸದಾ ಹೊರಗೆ ಇಣುಕುತ್ತಿರುತ್ತಿತ್ತು. ಅಂಗಡಿಗೆ ಹೋದರೂ ಸೈ, ಚರ್ಚಿಗೆ ಹೋದರೂ ಸೈ. ಅಂಗೈಗಿಂತ ತುಸು ದೊಡ್ಡದಾದ ಆ ಕಪ್ಪು ಪೆಟ್ಟಿಗೆ ಪೊಲೀಸರ, ಆಂಬ್ಯುಲೆನ್ಸಿನವರ, ಬೆಂಕಿ ಆರಿಸುವವರ ಮಾತನ್ನೆಲ್ಲ ಒಂದಾದ ಮೇಲೊಂದರಂತೆ ಹುಡುಕಿ ಹಿಡಿದು ಕೊಡುತ್ತಿತ್ತು. ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಇಂಥ ಪೆಟ್ಟಿಗೆ ಇಲ್ಲದ ಮನೆ ಕಡಿಮೆ. ಆದರೂ ಜನ ಅವಳನ್ನೇ ಆಡಿಕೊಳ್ಳುತ್ತಿದ್ದರು. "ನಾವು ಸತ್ರೆ ದೇವರಿಗೂ ಮೊದಲು ವರ್ಲೀನ್‌ಗೆ ಗೊತ್ತಾಗುತ್ತೆ," ಎನ್ನುತ್ತಿದ್ದರು.

ಪೆಟ್ಟಿಗೆ ಮೊದಲು ಅವಳ ಗಂಡ ಡೆನ್ಜಿಲ್‌ನದು. ಗಣಿ ಕೆಲಸದ ಜೊತೆಗೆ ಊರಿನ ಅಗ್ನಿಶಾಮಕ ದಳದಲ್ಲಿ ಸಂಬಳವಿಲ್ಲದೆ ದುಡಿದವನು. ಕಲ್ಲಿದ್ದಲಿನ ಧೂಳು ಶ್ವಾಸಕೋಶ ತಿಂದು ಹಾಕಿದ ಮೇಲೆ, ಮಂಚದಲ್ಲೇ ಕೂತು ಗೆಳೆಯರ ದನಿ ಕೇಳುತ್ತಾ ಕಾಲ ತಳ್ಳಿದ. ಅವನು ಹೋದ ಮೇಲೆ ಮನೆಯಲ್ಲಿ ಮನುಷ್ಯರ ದನಿ ಎಂದು ಉಳಿದದ್ದು ಆ ಪೆಟ್ಟಿಗೆಯೊಳಗಿನದು ಮಾತ್ರ. ಅವಳು ಅದನ್ನು ಆರಿಸಲೇ ಇಲ್ಲ.

ಡೆನ್ಜಿಲ್ ಅವಳಿಗೆ ಒಂದು ಮಾತು ಹೇಳಿ ಹೋಗಿದ್ದ. "ಕೇಳಿಸ್ಕೋ, ಬೇಡ ಅನ್ನಲ್ಲ. ಆದ್ರೆ ಯಾರ ಮನೆಯವ್ರಿಗೂ ನೀನು ಮೊದಲು ಹೇಳ್ಬೇಡ. ಅರ್ಧಂಬರ್ಧ ಕೇಳಿರ್ತೀಯ. ಹೇಳೋರು ಬಂದು ಹೇಳ್ತಾರೆ." ಅವಳು ಆ ಮಾತನ್ನು ಮುರಿದವಳಲ್ಲ. ಚರ್ಚಿನ ಹೆಂಗಸರು ಸುತ್ತುವರಿದು ಬಾಯಿ ಬಿಡಿಸಲು ನೋಡಿದರೂ, ಪೊಲೀಸರು ಆ ಮನೆಯ ಬಾಗಿಲು ತಟ್ಟುವ ತನಕ ಹೆಸರು ಹೊರಬರುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅವಳ ಜೀವದ ಗೆಳತಿ ಜ್ಯೂಯೆಲ್ ಹ್ಯಾಮ್ರಿಕ್. ಹಳ್ಳದ ಆಚೆ ದಡದ ಮನೆ. ಆ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಜ್ಯೂಯೆಲ್ ಒಂದು ಬುಟ್ಟಿ ಹುರುಳಿಕಾಯಿ ಹೊತ್ತು ತಂದಳು. ನಾರು ತೆಗೆದು, ಚಳಿಗಾಲಕ್ಕೆಂದು ಗಾಜಿನ ಬಾಟಲಿಗಳಿಗೆ ತುಂಬುವ ಕೆಲಸ. ಮನೆಗೆ ಯಾರಾದರೂ ಬಂದಾಗ ವರ್ಲೀನ್ ಮರ್ಯಾದೆಗೆಂದು ಇಯರ್‌ಫೋನ್ ಹಾಕಿಕೊಳ್ಳುವಳು. ಒಂದು ಕಿವಿ ಪೆಟ್ಟಿಗೆಗೆ, ಇನ್ನೊಂದು ಬಂದವರಿಗೆ.

ಜ್ಯೂಯೆಲ್ ಗಂಡನ ಮೇಲೆ ದೂರು ಹೇಳುತ್ತಿದ್ದಳು. ಆರ್ಲಿ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುವವನು. "ಹೊಸ ಬೂಟು ತಂದುಕೊಟ್ರೆ ಕಾಲು ಕಚ್ಚುತ್ತೆ ಅಂತಾನೆ ಕಣೇ. ಹಳೇದಕ್ಕೆ ತಂತಿ ಸುತ್ತಿ ಹಾಕ್ಕೊಂಡು ಹೋಗಿದಾನೆ. ಕತ್ತೆನಾದ್ರೂ ಪಳಗಿಸ್ಬಹುದು."

ಅಷ್ಟರಲ್ಲಿ ವರ್ಲೀನ್‌ಳ ಕಿವಿಯೊಳಗೆ ತುರ್ತು ಕರೆಯ ಸದ್ದು ಮೊಳಗಿತು. ಕಂಟ್ರೋಲ್ ರೂಮಿನ ಡ್ರೀಮಾ ಎಂಬಾಕೆಯ ದನಿ: ಗುಡ್ಡದ ಆಚೆ ಬದಿಯ ತಿರುವಿನಲ್ಲಿ ದಿಮ್ಮಿ ಲಾರಿ ಮಗುಚಿದೆ. ಸ್ವಲ್ಪ ಹೊತ್ತಿಗೆ ಅಗ್ನಿಶಾಮಕ ದಳದ ಹೋಬರ್ಟ್ ಅಲ್ಲಿಂದ ಮಾತಾಡಿದ. ಹೆಸರು ಹೇಳಬಾರದೆಂಬ ನಿಯಮ ಗಾಬರಿಯಲ್ಲಿ ಅವನಿಗೆ ಮರೆತೇ ಹೋಗಿತ್ತು. "ಇದು ಆರ್ಲಿ ಲಾರಿ. ಸೊಂಟದ ಕೆಳಗೆ ಪೂರ್ತಿ ಸಿಕ್ಕಾಕ್ಕೊಂಡಿದಾನೆ. ಎಚ್ಚರ ಇದೆ, ಮಾತಾಡ್ತಿದಾನೆ. ಹೆಲಿಕಾಪ್ಟರ್ ಕಳ್ಸಿ."

ವರ್ಲೀನ್‌ಳ ಕೈ ಬುಟ್ಟಿಯಲ್ಲೇ ನಿಂತಿತು.

"ಏನೇ ಅದು? ಯಾಕೆ ಹಂಗೆ ಬಿಳಿಚ್ಕೊಂಡೆ?" ಜ್ಯೂಯೆಲ್ ಕೇಳಿದಳು.

"ಏನಿಲ್ಲ. ಎಲ್ಲೋ ಹುಲ್ಲಿಗೆ ಬೆಂಕಿ ಬಿದ್ದಿದೆಯಂತೆ."

"ಯಾರ್ದು?"

"ಗೊತ್ತಾಗ್ಲಿಲ್ಲ."

"ನಿನಗೇ ಗೊತ್ತಾಗ್ಲಿಲ್ಲ ಅಂದ್ರೆ ಪ್ರಳಯ ಹತ್ರ ಬಂತು ಅನ್ನು," ಎಂದು ಜ್ಯೂಯೆಲ್ ನಕ್ಕಳು.

ವರ್ಲೀನ್ ಎದ್ದು ಒಲೆಯ ಕಡೆ ತಿರುಗಿ ನಿಂತಳು. ಮಾತಾಡುತ್ತಿದ್ದಾನಂತೆ, ಹಾಗಾದರೆ ಜೀವಕ್ಕೆ ಅಪಾಯವಿಲ್ಲ. ಈಗಲೇ ಹೇಳಿದರೆ ಇವಳು ಬಾಯಿ ಬಡಿದುಕೊಂಡು ಓಡುತ್ತಾಳೆ, ಆ ತಿರುವಿನಲ್ಲಿ ಕಾರು ಹಳ್ಳಕ್ಕೆ ಬಿಡುತ್ತಾಳೆ. ಅವನನ್ನು ಹೊರಗೆ ತೆಗೆಯಲಿ, ಆಮೇಲೆ ನಾನೇ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಹೀಗೆ ಲೆಕ್ಕ ಹಾಕಿದಳು. ಗಂಡನ ಮಾತು ಬೆನ್ನಿಗಿತ್ತು.

ಡ್ರೀಮಾಳ ದನಿ ಮತ್ತೆ ಬಂತು. "ಹೆಂಡ್ತಿ ಫೋನ್ ಎತ್ತುತ್ತಿಲ್ಲ. ಮನೆಗೆ ಪೊಲೀಸ್ ಕಳಿಸಿದೀನಿ, ಅಲ್ಲೂ ಯಾರೂ ಇಲ್ವಂತೆ." ಆ ಹೆಂಡತಿ ಇಲ್ಲೇ ಮೇಜಿನ ಆ ತುದಿಯಲ್ಲಿ ಕಾಫಿಗೆ ಸಕ್ಕರೆ ಕದಡುತ್ತಿದ್ದಳು. ಗೋಡೆಯ ಫೋನು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ವರ್ಲೀನ್ ಅದನ್ನು ನೋಡಿದಳು, ಮುಟ್ಟಲಿಲ್ಲ. ಇನ್ನೊಂದು ಚೂರು ತಡೆಯೋಣ ಎಂದುಕೊಂಡಳು.

ಕೊನೆಗೆ ಹೋಬರ್ಟ್ ಬಹಳ ಮೆಲ್ಲಗೆ ಹೇಳಿದ: "ಹೆಲಿಕಾಪ್ಟರ್ ವಾಪಸ್ ಕಳ್ಸಿ. ಇನ್ನು ಬೇಕಾಗಿಲ್ಲ."

ಹಾಗೆಂದರೇನೆಂದು ಡೆನ್ಜಿಲ್‌ನ ಹೆಂಡತಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, "ಜ್ಯೂಯೆಲ್, ಏಳು. ಆರ್ಲಿ ಲಾರಿ ಮಗುಚಿದೆ," ಎಂದಳು. ಸತ್ತನೆಂಬುದನ್ನು ಆಗಲೂ ಹೇಳಲಿಲ್ಲ. ಅವಳನ್ನು ಕಾರಿನಲ್ಲಿ ಆ ತಿರುವಿಗೆ ಕರೆದೊಯ್ದಾಗ, ಅದನ್ನು ರಸ್ತೆಯ ಮೇಲೆ ಹೋಬರ್ಟನೇ ಟೋಪಿ ತೆಗೆದು ಹೇಳಿದ.

ಶವವನ್ನು ನೋಡಲಿಟ್ಟ ಸಂಜೆ ಹೋಬರ್ಟ್ ಅತ್ತು ಅತ್ತು ಎಲ್ಲವನ್ನೂ ಹೇಳಿಬಿಟ್ಟ. ಆರ್ಲಿ ಬಹಳ ಹೊತ್ತು ಮಾತಾಡಿದ್ದ. ಹೆಂಡತಿಯನ್ನು ಕರೆಸಿ ಎಂದಿದ್ದ. ಅವರೆಲ್ಲ ಅವಳನ್ನು ಹುಡುಕಿದ್ದರು. ಜ್ಯೂಯೆಲ್ ಕೇಳಿಸಿಕೊಂಡಳು. ಕೋಣೆಯ ಆ ಮೂಲೆಯಲ್ಲಿ ವರ್ಲೀನ್ ನೆಂಟರಿಗೆ ಕೇಕು ಹಂಚುತ್ತಿದ್ದಳು.

ಮಣ್ಣು ಮಾಡಿದ ಮೇಲೆ ಜ್ಯೂಯೆಲ್ ಹಳ್ಳ ದಾಟಿ ಬಂದಳು. ಬಾಗಿಲಲ್ಲೇ ನಿಂತಳು.

"ಹುಲ್ಲಿಗೆ ಬೆಂಕಿ ಅಂದ್ಯಲ್ಲ, ಆಗಲೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಆಗ ಬದುಕಿದ್ನಾ?"

"ಬದುಕಿದ್ದ."

"ನಾನು ನಗ್ತಿದ್ದೆ ಕಣೇ. ಅವನ ಬೂಟಿನ ಬಗ್ಗೆ ಆಡ್ಕೊಂಡು ಕೂತಿದ್ದೆ. ನೀನು ನೋಡ್ತಾ ನಿಂತಿದ್ದೆ."

"ಅವನು ಉಳೀತಾನೆ ಅಂದ್ಕೊಂಡೆ, ಜ್ಯೂಯೆಲ್. ಯಾರಿಗೂ ಮೊದಲು ಹೇಳ್ಬಾರ್ದು ಅಂತ ಡೆನ್ಜಿಲ್..."

"ಸತ್ತಿರೋ ನಿನ್ನ ಗಂಡನ್ನ ಇದಕ್ಕೆ ಎಳೀಬೇಡ." ಜ್ಯೂಯೆಲ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಆರ್ಲಿ ದನಿ ಕೇಳಿಸ್ತಾ ನಿನಗೆ?"

"ಒಂದು ಸಲ. ಹೋಬರ್ಟ್ ಮಾತಾಡುವಾಗ ಹಿಂದಿನಿಂದ."

"ಏನಂದ?"

ವರ್ಲೀನ್‌ಗೆ ಸುಳ್ಳು ಹೇಳುವ ಆಸೆಯಾಯಿತು. ಆದರೆ ಎರಡನೇ ಸಲ ಆಗಲಿಲ್ಲ. "'ಬಂದ್ಳಾ' ಅಂದ."

ಜ್ಯೂಯೆಲ್ ತಲೆಯಾಡಿಸಿದಳು. "ಅದು ನನಗೆ ಕೇಳಿಸ್ಬೇಕಿತ್ತು," ಎಂದಳು. ತಿರುಗಿ ಹೊರಟುಹೋದಳು. ಅವಳು ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಕೊನೆ.

ವರ್ಲೀನ್ ರೇಡಿಯೊ ಬಿಟ್ಟಳೆಂದು ಊರು ಎಣಿಸಿತ್ತು. ಬಿಡಲಿಲ್ಲ. ಆದರೆ ಗಂಡನ ಮಾತನ್ನು ಬಿಟ್ಟಳು. ಗುರುತಿನವರ ಹೆಸರೋ ಮನೆಯೋ ಕಿವಿಗೆ ಬಿದ್ದ ಕೂಡಲೇ ಕಾರು ತೆಗೆದು ಅವರ ಬಾಗಿಲಿಗೆ ಹೋಗಿ, "ಬನ್ನಿ, ಹತ್ತಿ," ಎನ್ನುತ್ತಿದ್ದಳು. ಒಬ್ಬ ತಾಯಿ ಹಾಗೆ ಹೋಗಿ ಮಗನ ಕೈ ಹಿಡಿದಳು, ಅವನ ಕೈಯಲ್ಲಿ ಇನ್ನೂ ಬಿಸಿಯಿತ್ತು. ಇನ್ನೊಂದು ಸಲ ಸುದ್ದಿ ತಪ್ಪಾಗಿತ್ತು. ಆ ಮನೆಯ ಮುದುಕ ರಸ್ತೆಯಲ್ಲೇ ಎದೆ ಹಿಡಿದು ಕುಸಿದ, ಅವನ ಮಕ್ಕಳು ಅವಳ ಮುಖಕ್ಕೆ ಉಗಿದರು. ಅವಳು ಒರೆಸಿಕೊಂಡು ಬಂದಳು. ಯಾವುದು ಸರಿ ಎಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಚರ್ಚಿನಲ್ಲಿ ಅವಳ ಬೆಂಚಿನಲ್ಲಿ ಕೂರುವವರು ಇಲ್ಲವಾದರು.

ಒಂದು ಫೆಬ್ರವರಿಯಲ್ಲಿ ಅವಳೇ ಅಡುಗೆಮನೆಯಲ್ಲಿ ಬಿದ್ದಳು. ಎರಡು ದಿನ ಚಿಮಣಿಯಲ್ಲಿ ಹೊಗೆ ಕಾಣದಿದ್ದುದನ್ನು ಗಮನಿಸಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದವಳು ಹಳ್ಳದಾಚೆಯ ಜ್ಯೂಯೆಲ್. ಆ ಹೊತ್ತಿಗೆ ಎಲ್ಲ ಮುಗಿದಿತ್ತು.

ಜ್ಯೂಯೆಲ್ ಅಂತ್ಯಸಂಸ್ಕಾರಕ್ಕೆ ಬಂದಳು. ಹಿಂದಿನ ಸಾಲಿನಲ್ಲಿ ಕೂತಳು. ಶವಪೆಟ್ಟಿಗೆಯ ಹತ್ತಿರ ಹೋಗಿ ಮುಖ ನೋಡಲಿಲ್ಲ. ಊಟಕ್ಕೆ ನಿಲ್ಲಿ ಎಂದು ಯಾರೋ ಕರೆದರು. ಹಸಿವಿಲ್ಲ ಎಂದು ಹೇಳಿ, ಕೋಟಿನ ಗುಂಡಿ ಹಾಕಿಕೊಂಡು ಮನೆಯ ಕಡೆ ನಡೆದಳು.