ಅಕ್ಕ ಮನೆಗೆ ಬಂದಳು

ಅಕ್ಕನನ್ನು ಅರಸೀಕೆರೆಯ ಆಚೆಗಿದ್ದ ಹಾಸ್ಪೈಸಿಗೆ ಸೇರಿಸಿದ ಮೂರನೆಯ ದಿನ ನಾನು ಅವಳ ಹಸುವನ್ನು ಕೊಟ್ಟುಬಿಟ್ಟೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮಕ್ಕಳಿರಲಿಲ್ಲ. ಭಾವ ತೀರಿಕೊಂಡ ಮೇಲೆ ಹಗರೆಯ ತನ್ನ ಮನೆಯಲ್ಲಿ ಒಂದು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ನಾನು ಬೇಲೂರಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ಅವಳ ಹೊಟ್ಟೆಯ ಕ್ಯಾನ್ಸರ್ ಲಿವರಿಗೂ ಹಬ್ಬಿದೆ ಎಂದು ಗೊತ್ತಾದಾಗ ರಜೆ ಹಾಕಿ ಅವಳ ಜೊತೆಗೇ ಇದ್ದೆ. ಆಸ್ಪತ್ರೆಯ ಡಾಕ್ಟರು ಇನ್ನು ಕೀಮೋ ಬೇಡ ಎಂದು ಹೇಳಿ, ವಾಸಿಯಾಗದ ಕಾಯಿಲೆಯವರ ನೋವು ನೋಡಿಕೊಳ್ಳುವ ಹಾಸ್ಪೈಸಿಗೆ ಚೀಟಿ ಬರೆದುಕೊಟ್ಟರು. ಅಲ್ಲಿಗೆ ಹೋದವರು ಮನೆಗೆ ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ.

ಆ ಮೂರನೆಯ ದಿನ ಕಣಕಟ್ಟೆಯಿಂದ ಚಿಕ್ಕಪ್ಪನ ಮಗ ಅಲ್ಲಿಗೆ ಅವಳನ್ನು ನೋಡಲು ಬಂದ. ನೋವಿನಲ್ಲಿ ಅಕ್ಕನಿಗೆ ಅವನ ಗುರುತೂ ಸರಿಯಾಗಿ ಹತ್ತಲಿಲ್ಲ. ಹೊರಗೆ ಬಂದು ಕಣ್ಣೊರೆಸಿಕೊಂಡ.

"ಹಸ ಯಾರು ನೋಡ್ಕತಾವ್ರೆ?"

"ಪಕ್ಕದ ಮನೆಯವರು. ನೀನೇ ತಗೊಂಡು ಹೋಗಪ್ಪ, ನನ್ನ ಕೈಲಿ ಆಗಲ್ಲ."

ಸಂಜೆಯೇ ಗೂಡ್ಸ್ ಗಾಡಿ ತಂದು ಹತ್ತಿಸಿಕೊಂಡು ಹೋದ. ಆ ವಾರದಲ್ಲಿ ಅಕ್ಕನ ನಾಲ್ಕು ಸೀರೆಗಳನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಒಂದು ಮದುವೆಯಲ್ಲಿ ತೆಗೆದಿದ್ದ ಅವಳ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ಅಳುವುದನ್ನೆಲ್ಲ ಆಗಲೇ ಅತ್ತು ಮುಗಿಸಿದೆ.

ಹಾಸ್ಪೈಸಿನಲ್ಲಿ ನೋವಿಗೆ ಮಾರ್ಫಿನ್ ಸಿರಪ್ಪು ಶುರು ಮಾಡಿದರು. ಅದರ ಮಂಪರಿಗೆ ಮೊದಲೆರಡು ದಿನ ಅಕ್ಕ ನಿದ್ದೆಯಲ್ಲೇ ಇದ್ದಳು. ಹೀಗೇ ಹೋಗಿಬಿಡುತ್ತಾಳೆ ಅಂದುಕೊಂಡೆ. ಆಮೇಲೆ ಎದ್ದು ಕೂತಳು. ಅಂಬಲಿಗೆ ಉಪ್ಪು ಸಾಲದು ಎಂದು ತಕರಾರು ತೆಗೆದಳು. ಮೂರನೇ ವಾರ ಅಲ್ಲಿನ ಡಾಕ್ಟರಮ್ಮ ನನ್ನನ್ನು ಕರೆದು, "ನಾಳೆ ಮನೆಗೆ ಕರ್ಕೊಂಡು ಹೋಗಿ" ಎಂದರು.

"ಮನೆಗಾ?"

"ಕಾಯಿಲೆ ಹೋಗಿಲ್ಲಮ್ಮ, ನೋವು ಹಿಡಿತಕ್ಕೆ ಬಂದಿದೆ. ವಾರಕ್ಕೊಂದ್ಸಲ ನಮ್ಮ ನರ್ಸ್ ಬರ್ತಾರೆ. ಜಾಸ್ತಿ ಆದ್ರೆ ಮತ್ತೆ ಇಲ್ಲಿಗೇ ಬನ್ನಿ."

ನನಗೆ ಸಂತೋಷವಾಗಬೇಕಿತ್ತು. ಖಾಲಿ ಕೊಟ್ಟಿಗೆ ನೆನಪಾಯಿತು.

ಮರುದಿನ ಕಾರು ಮಾಡಿಕೊಂಡು ಹಗರೆಗೆ ಬಂದೆವು. ಕಾರು ಇಳಿದವಳೇ ಅಕ್ಕ ಗೋಡೆ ಹಿಡಿದುಕೊಂಡು ನೇರವಾಗಿ ಕೊಟ್ಟಿಗೆಗೆ ನಡೆದಳು.

"ಎಲ್ಲೇ ಹಸ?"

"ಕಣಕಟ್ಟೆಗೆ ಕಳಿಸ್ದೆ. ನೀನು ಸೇರಿದ ಮೂರನೇ ದಿನ."

"ಅಷ್ಟ್ ಬೇಗ ಯಾಕ್ ಕಳಿಸ್ದೆ?"

"ನೀನು ವಾಪಸ್ ಬರಲ್ಲ ಅಂದ್ಕೊಂಡೆ ಅಕ್ಕ."

ಅವಳು ಮೇವಿನ ಗೋದಲಿಯ ಅಂಚಿನ ಮೇಲೆ ಕೂತಳು. "ನೋವು ಕಮ್ಮಿ ಆದ್ರೆ ಮನೆಗೆ ಕಳಿಸ್ತೀವಿ ಅಂತ ನಂಗೆ ಮೊದಲ್ನೇ ದಿನಾನೇ ಹೇಳಿದ್ರು ಕಣೇ" ಎಂದಳು. "ನೀನು ಆಚೆ ಫಾರಂ ತುಂಬ್ತಾ ಇದ್ದೆ."

ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿಸಿದಳು. ಅವನು ನಾಳೆಯೇ ಹಸು ತಂದು ಬಿಡುತ್ತೇನೆ ಎಂದ. "ಬ್ಯಾಡ ಕಣಪ್ಪ, ಇಲ್ಲಿ ಹಾಲು ಯಾರು ಕರೀತಾರೆ? ಹಿಂಡಿ ಮಾತ್ರ ನೆನೆಸಿ ಇಡು, ಒಣಗಿದ್ದು ಇಟ್ರೆ ಮೂಸೂ ನೋಡಲ್ಲ ಅದು" ಎಂದು ಫೋನು ನನ್ನ ಕೈಗಿತ್ತಳು. ಕಟ್ಟು ಹಾಕಿಸಿದ್ದ ಫೋಟೋವನ್ನು ಅವಳಿಗೆ ಕಾಣದ ಹಾಗೆ ಬೀರುವಿನ ಹಿಂದೆ ಇಟ್ಟೆ.

ಆಮೇಲೆ ಹನ್ನೊಂದು ವಾರ ಬದುಕಿದ್ದಳು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಿಂದೆ ಅವಳ ಕಾಲು ಹಿಡಿದು ಅತ್ತು ಹೋಗಿದ್ದ ನೆಂಟರು ಈಗ ಏನು ಮಾತಾಡಬೇಕೋ ತಿಳಿಯದೆ, ರಸ್ತೆಯಿಂದಲೇ "ಹುಷಾರಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ನಾನೂ ಅವರ ಹಾಗೆಯೇ ಇದ್ದೆ. ಸ್ನಾನ ಮಾಡಿಸುತ್ತಿದ್ದೆ, ಸಿರಪ್ಪನ್ನು ಗೆರೆ ನೋಡಿ ಅಳೆದು ಕುಡಿಸುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ. ಮನಸ್ಸಿನೊಳಗೆ ಏನೂ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದಾಗ, "ನೀನು ನನ್ನ ಮುಖಾನೇ ನೋಡಲ್ಲ ಕಣೇ" ಎಂದಳು. ಮುಂದೆ ಬಂದು ನೋಡಿದೆ. ಕಣ್ಣು ಹಳದಿಯಾಗಿತ್ತು.

"ನೋಡ್ತಿದೀನಲ್ಲ."

"ಹೂಂ" ಎಂದಳು.

ಅವಳು ಹೋದದ್ದು ಒಂದು ಬೆಳಿಗ್ಗೆ, ಹತ್ತು ಗಂಟೆ ಹೊತ್ತಿಗೆ. ವಾರದ ಸರದಿಗೆ ಬಂದಿದ್ದ ನರ್ಸ್ ಪಕ್ಕದಲ್ಲಿದ್ದರು. ನಾನು ಅಡುಗೆಮನೆಯಲ್ಲಿ ಗಂಜಿ ಬಸಿಯುತ್ತಿದ್ದೆ. ಕರೆದಾಗ ಒಲೆ ಆರಿಸಿ, ಕೈ ತೊಳೆದುಕೊಂಡು ಬಂದೆ. ನೋವಿನ ಗುರುತು ಮುಖದಲ್ಲಿರಲಿಲ್ಲ. ನನಗೆ ಅಳು ಬರಲಿಲ್ಲ. ಆಘಾತ ಆಗಿರಬೇಕು ಎಂದು ನೆಂಟರು ಮಾತಾಡಿಕೊಂಡರು. ಅದು ಆಘಾತವಾಗಿರಲಿಲ್ಲ, ನನ್ನ ಅಳು ಹಸು ಕೊಟ್ಟ ವಾರವೇ ಮುಗಿದಿತ್ತು.

ತಿಥಿ ಮುಗಿಸಿ ಕೆಲಸಕ್ಕೆ ಹೋದೆ. ತಾಯಿಗೆ ಅದೇ ಕಾಯಿಲೆ ಇದ್ದ ಮೇಷ್ಟ್ರೊಬ್ಬರು ನನ್ನ ಮೇಜಿನ ಹತ್ತಿರ ಬಂದು, "ಆ ಹಾಸ್ಪೈಸಿಗೆ ಸೇರಿಸಿದ್ರೆ ಎಷ್ಟು ದಿನದಲ್ಲಿ ಮುಗಿಯುತ್ತೆ ಮೇಡಂ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ನಂಗೊತ್ತಿಲ್ಲ ಸಾರ್. ನಮ್ಮಕ್ಕ ಮನೆಗೆ ವಾಪಸ್ ಬಂದಿದ್ಲು. ಅಲ್ಲಿನ ಡಾಕ್ಟರನ್ನೇ ಕೇಳಿ. ನಿಮ್ಮ ತಾಯಿ ಎದುರಿಗೇ ಕೇಳಿ" ಎಂದೆ. ಹಾಸ್ಪೈಸಿನ ನಂಬರು ಬರೆದುಕೊಟ್ಟೆ.